ಅಮ್ಮ, ಪಾಸ್‌ಪೋರ್ಟಿನ ಕೊನೇ ತಾರೀಖು ನೋಡು

ಕ್ವಾಲಾಲಂಪುರ
10 ಜನವರಿ 2026

ಅಮ್ಮ, ಅಪ್ಪ, ಇಬ್ಬರಿಗೂ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನಾಲ್ಕು ತಿಂಗಳು ತುಂಬಿತು, ವಾಂತಿ ನಿಂತಿದೆ, ಊಟ ಸೇರುತ್ತಿದೆ. ಡಾಕ್ಟರು ಜೂನ್ 14 ಅಂತ ದಿನ ಕೊಟ್ಟಿದ್ದಾರೆ. ಫೋನಿನಲ್ಲಿ ಹೇಳಿದ್ದು ಇಟ್ಟಲ್ಲೇ ಮರೆತುಹೋಗುತ್ತದೆ ಅಂತ ಈ ಕಾಗದ ಬರೆಯುತ್ತಿದ್ದೇನೆ. ಓದಿ ಬೀರುವಿನಲ್ಲಿ ನಿನ್ನ ಪಾಸ್‌ಪೋರ್ಟ್ ಜೊತೆಗೇ ಇಡು.

ಭಾನುವಾರ ನೀನು ಹೇಳಿದ ಮಾತು ಆವತ್ತಿನಿಂದ ತಲೆಯಲ್ಲೇ ಸುತ್ತುತ್ತಿದೆ. ಮಲೇಷ್ಯಾಕ್ಕೆ ವೀಸಾನೇ ಬೇಡವಂತೆ, ಟಿಕೆಟ್ ತಗೊಂಡು ಬಸ್ಸು ಹತ್ತಿದ ಹಾಗೆ ಹತ್ತಿದರಾಯಿತು ಅಂತ ಮಾವ ಹೇಳಿದರು ಅಂದೆ. ಮಾವ ಹೇಳಿದ್ದರಲ್ಲಿ ಅರ್ಧ ನಿಜ. 2023ರ ಡಿಸೆಂಬರ್ 1ರಿಂದ ನಮ್ಮ ದೇಶದವರು ಇಲ್ಲಿಗೆ ವೀಸಾ ಇಲ್ಲದೆ ಬರಬಹುದು, ಒಂದು ಸಲಕ್ಕೆ 30 ದಿನ ಇರಬಹುದು. ಆ ಸವಲತ್ತು ಈ ವರ್ಷ ಡಿಸೆಂಬರ್ 31ರ ತನಕ ಇದೆ. ಆದರೆ ವೀಸಾ ಇದ್ದರೆ ಊರಲ್ಲೇ ಆಗಿಹೋಗುವ ಪರೀಕ್ಷೆ, ವೀಸಾ ಇಲ್ಲದಿದ್ದರೆ ಇಲ್ಲಿ ಇಳಿದ ಮೇಲೆ ಕೌಂಟರಿನ ಮುಂದೆ ಆಗುತ್ತದೆ. ಒಳಗೆ ಬಿಡುವುದು, ಬಿಡದಿರುವುದು ಆ ಆಫೀಸರ ಕೈಯಲ್ಲಿ. ಮೊದಲ ಸಲ, ಅದೂ ಒಬ್ಬಳೇ ಬರುತ್ತಿದ್ದೀಯ. ಆ ಹೊತ್ತಿನಲ್ಲಿ ನಿನ್ನ ಕೈಯಲ್ಲಿ ಒಂದು ಕಾಗದವೂ ಕಮ್ಮಿ ಇರಬಾರದು ಅನ್ನುವುದೊಂದೇ ನನ್ನ ಚಿಂತೆ.

ಮೊದಲು ಪಾಸ್‌ಪೋರ್ಟ್ ತೆಗೆದು ಫೋಟೋ ಇರುವ ಪುಟ ನೋಡು. ಅಣ್ಣ ದುಬೈಯಲ್ಲಿದ್ದಾಗ, 2016ರಲ್ಲಿ ಮಾಡಿಸಿದ್ದು ಅದು. ನೀನು ಹೋಗಲೇ ಇಲ್ಲ, ಪುಟಗಳೆಲ್ಲ ಹಾಗೇ ಹೊಸದಾಗಿವೆ. ಆದರೆ ಅದರ ಹತ್ತು ವರ್ಷ ಈ ಆಗಸ್ಟಿಗೆ ಮುಗಿಯುತ್ತದೆ. ಆಗಸ್ಟ್ ತನಕ ಇದೆಯಲ್ಲ, ಜೂನಿನಲ್ಲಿ ಹೋಗಿ ಬರಬಹುದಲ್ಲ ಅನಿಸುತ್ತದೆ. ಆಗುವುದಿಲ್ಲ. ಇಲ್ಲಿಗೆ ಕಾಲಿಡುವ ದಿನದಿಂದ ಇನ್ನೂ ಆರು ತಿಂಗಳು ಪಾಸ್‌ಪೋರ್ಟಿಗೆ ಆಯುಸ್ಸು ಇರಬೇಕು. ನಮ್ಮ ಮೇಲಿನ ಮನೆಯ ತೆಲುಗಿನವರ ಅಮ್ಮನಿಗೆ ಹೋದ ವರ್ಷ ಹೀಗೇ ಆಯಿತು. ಐದು ತಿಂಗಳು ಚಿಲ್ಲರೆ ಉಳಿದಿತ್ತು. ಬೆಂಗಳೂರು ಏರ್‌ಪೋರ್ಟಿನಲ್ಲಿ ಚೆಕ್-ಇನ್ ಮಾಡುವ ಹುಡುಗಿ ತಾರೀಖು ನೋಡಿದವಳೇ ಬೋರ್ಡಿಂಗ್ ಪಾಸ್ ಕೊಡಲಿಲ್ಲ. ಇಲ್ಲಿಂದ ವಾಪಸ್ ಕಳಿಸಿದರೆ ವಿಮಾನದವರೇ ಕರೆದುಕೊಂಡು ಹೋಗಬೇಕು, ಅದಕ್ಕೆ ಅವರು ಅಲ್ಲೇ ತಡೆಯುತ್ತಾರೆ. ಆಕೆ ಟ್ರಾಲಿ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟರಂತೆ. ಇಲ್ಲಿ ಮಗಳು ಮೊಮ್ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದಳು. ಅದನ್ನು ಕಣ್ಣಾರೆ ಕಂಡಿದ್ದೇನೆ ಅಮ್ಮ.

ಹಾಗಾಗಿ ಸಂಕ್ರಾಂತಿ ಮುಗಿದ ಕೂಡಲೇ ಅಪ್ಪ ನಿನ್ನನ್ನು ಬೆಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಕರೆದುಕೊಂಡು ಹೋಗಲಿ. ಆನ್‌ಲೈನ್ ಅರ್ಜಿ ನಾನೇ ತುಂಬಿ, 1500 ರೂಪಾಯಿ ಕಟ್ಟಿ, ದಿನ ಗೊತ್ತುಮಾಡಿ ಹೇಳುತ್ತೇನೆ. ಪೊಲೀಸಿನವರು ವಿಚಾರಿಸಲು ಬಂದರೆ ಮನೆಯಲ್ಲೇ ಇರು, ತೋಟಕ್ಕೆ ಹೋಗಬೇಡ. ಇದರಿಂದ ಇನ್ನೊಂದು ಅನುಕೂಲವೂ ಉಂಟು. ನೀನು ಎಸ್ಸೆಸ್ಸೆಲ್ಸಿ ಮಾಡಿಲ್ಲ ಅಂತ ಹಳೆಯದರಲ್ಲಿ ಇಸಿಆರ್ ಅಂತ ಹಾಕಿದ್ದಾರೆ. ಹೊರದೇಶಕ್ಕೆ ಕೂಲಿಗೆ ಹೋಗುವವರು ಮೋಸಹೋಗಬಾರದು ಅಂತ ನಮ್ಮ ಸರ್ಕಾರ ಇಟ್ಟಿರುವ ತಪಾಸಣೆ ಅದು, ಆ ದೇಶಗಳ ಪಟ್ಟಿಯಲ್ಲಿ ಮಲೇಷ್ಯಾವೂ ಇದೆ. ಮಗಳ ಮನೆಗೆ ಬಂದುಹೋಗುವವರಿಗೆ ಅದು ಅನ್ವಯಿಸುವುದಿಲ್ಲ, ಮತ್ತೆ ಐವತ್ತು ದಾಟಿದವರಿಗೆ ಆ ಮುದ್ರೆಯೇ ಬೇಕಿಲ್ಲ. ಹೊಸದರಲ್ಲಿ ಅದು ಇರುವುದಿಲ್ಲ. ನಿನ್ನ ಓದಿನ ವಿಷಯ ಯಾರೂ ಕೇಳುವುದಿಲ್ಲ, ನೀನು ಸಂಕೋಚಪಟ್ಟುಕೊಳ್ಳುವಂಥದ್ದೂ ಅದರಲ್ಲಿ ಏನೂ ಇಲ್ಲ.

ಇನ್ನು ದಿನದ ಲೆಕ್ಕ. ಇದಕ್ಕೆ ನಾವಿಬ್ಬರೂ ಮೂರು ರಾತ್ರಿ ಕ್ಯಾಲೆಂಡರ್ ಹಿಡಿದು ಕೂತಿದ್ದೇವೆ. ಬಾಣಂತನ ಅಂದರೆ ಮೂರು ತಿಂಗಳು ಅಂತ ನೀನು. ಇಲ್ಲಿ ಕೊಡುವುದು 30 ದಿನ, ಅದನ್ನು ಹೆಚ್ಚಿಸಿಕೊಳ್ಳಲು ಆಗುವುದಿಲ್ಲ. ಸಿಂಗಾಪುರಕ್ಕೆ ಒಂದು ದಿನ ಹೋಗಿ ವಾಪಸ್ ಬಂದರೆ ಮತ್ತೆ 30 ದಿನ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಸಿಂಗಾಪುರಕ್ಕೆ ನಮಗೆ ವೀಸಾ ಬೇಕು, ಅಲ್ಲದೆ ಹಾಗೆ ಹೋಗಿಬಂದವರನ್ನು ಇಲ್ಲಿನ ಆಫೀಸರು ಒಳಗೆ ಬಿಡಲೇಬೇಕೆಂದೂ ಇಲ್ಲ. ದಿನ ಮೀರಿ ಉಳಿದರೆ ದಂಡ, ಮತ್ತೆ ಈ ದೇಶಕ್ಕೆ ಬರದ ಹಾಗೆ ಹೆಸರು ಬರೆದಿಟ್ಟುಕೊಳ್ಳಬಹುದು. ಮೊಮ್ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ನೀನು ಬರಬೇಡವೇ?

ಅದಕ್ಕೆ ಹೀಗೆ ಮಾಡಿದ್ದೇವೆ. ನೀನು ಜೂನ್ 10ಕ್ಕೆ ಬಂದು ಜುಲೈ 7ಕ್ಕೆ ಹೊರಡು. ಬಂದ ದಿನ, ಹೋಗುವ ದಿನ ಎರಡೂ ಸೇರಿ 28. ವಿಮಾನ ತಡವಾದರೆ ಅಂತ ಎರಡು ದಿನ ಕೈಯಲ್ಲಿ ಇಟ್ಟುಕೊಂಡಿದ್ದೇವೆ. ಅರಸೀಕೆರೆಯಿಂದ ಅತ್ತೆ ಜುಲೈ 5ಕ್ಕೆ ಬರುತ್ತಾರೆ. ಎರಡು ದಿನ ನೀವಿಬ್ಬರೂ ಜೊತೆಗಿದ್ದರೆ ಮಗುವಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿ ನೀರು ಹಾಕುವುದನ್ನು ನಿನ್ನ ಕೈಯಿಂದ ಅವರ ಕೈಗೆ ಒಪ್ಪಿಸಬಹುದು. ಇನ್ನೂ ಹೆಚ್ಚು ದಿನ ಇರಲು ಬಿಡುವ ಪಾಸಿಗೆ ಬೇರೆ ಅರ್ಜಿ, ಬೇರೆ ನಿಯಮ. ಇವರು ಆಫೀಸಿನಲ್ಲಿ ಕೇಳುತ್ತಿದ್ದಾರೆ, ಆದರೆ ಅದನ್ನು ನಂಬಿ ಕೂರುವುದು ಬೇಡ. ಹೆರಿಗೆ ನಾಲ್ಕು ದಿನ ಹಿಂದೆ ಮುಂದೆ ಆಗುತ್ತದೆ ಅಂತ ತಾರೀಖು ಬದಲಿಸಬಹುದಾದ ಟಿಕೆಟನ್ನೇ ತೆಗೆಯುತ್ತೇವೆ, ಹೋಗುವುದೂ ಬರುವುದೂ ಎರಡೂ. ಟಿಕೆಟಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿರುವ ಹಾಗೇ ಅಕ್ಷರಕ್ಕೆ ಅಕ್ಷರ ಇರಬೇಕು, ಹಾಗಾಗಿ ಹೊಸ ಪಾಸ್‌ಪೋರ್ಟ್ ಬರುವ ತನಕ ಬುಕ್ ಮಾಡುವುದಿಲ್ಲ.

ಹೊರಡುವ ಮೂರು ದಿನದೊಳಗೆ ಮಲೇಷ್ಯಾದ ಡಿಜಿಟಲ್ ಅರೈವಲ್ ಕಾರ್ಡ್ ಅಂತ ಒಂದು ಫಾರಂ ತುಂಬಬೇಕು. 2024ರ ಜನವರಿಯಿಂದ ಇದು ಕಡ್ಡಾಯ. ಇಲ್ಲಿನ ಇಮಿಗ್ರೇಷನ್ ಇಲಾಖೆಯ ಸೈಟಿನಲ್ಲಿ ಒಂದು ಪೈಸೆಯೂ ಖರ್ಚಿಲ್ಲ. ಅದೇ ಥರ ಕಾಣುವ ಬೇರೆ ಸೈಟುಗಳು ದುಡ್ಡು ಕೇಳುತ್ತವೆ, ಇವರ ಗೆಳೆಯರೊಬ್ಬರು ಹಾಗೆ ಕಟ್ಟಿ ಕಳೆದುಕೊಂಡರು. ಸೈಬರ್ ಸೆಂಟರಿಗೆ ಹೋಗಬೇಡಿ, ನಾನೇ ತುಂಬಿ ಕಳಿಸುತ್ತೇನೆ, ಅಪ್ಪ ಪ್ರಿಂಟ್ ತೆಗೆಸಿದರೆ ಸಾಕು.

ಕೌಂಟರಿನಲ್ಲಿ ಎರಡೂ ತೋರುಬೆರಳು ಗಾಜಿನ ಮೇಲೆ ಇಡಿಸಿಕೊಳ್ಳುತ್ತಾರೆ. ಆಧಾರ್ ಸೆಂಟರಿನಲ್ಲಿ ಕಾಯಿ ಸುಲಿದು ಸವೆದ ನಿನ್ನ ಬೆರಳು ಎಷ್ಟು ಒತ್ತಿದರೂ ಮಿಷನ್ನಿಗೆ ಹಿಡಿಯದೆ ನೀನು ಬೆವೆತು ಹೋಗಿದ್ದು ನೆನಪಿದೆ. ಇಲ್ಲಿ ಹಾಗಾದರೆ ಗಾಬರಿಯಾಗಬೇಡ. ಸೆರಗಿಗೆ ಬೆರಳು ಒರೆಸಿಕೊಂಡು ನಿಧಾನಕ್ಕೆ ಮತ್ತೆ ಇಡು. ಹಿಂದೆ ಸಾಲು ಇದ್ದರೆ ಇರಲಿ. ಯಾಕೆ ಬಂದಿದ್ದು, ಎಷ್ಟು ದಿನ, ಎಲ್ಲಿ ಇರುವುದು ಅಂತ ಕೇಳಬಹುದು. ಬರೀ ಊರು ನೋಡಲು ಬಂದೆ ಅನ್ನು ಅಂತ ಯಾರಾದರೂ ಹೇಳಿಕೊಟ್ಟಾರು. ಬೇಡ. ಮಗಳ ಹೆರಿಗೆಗೆ ಬಂದಿದ್ದೇನೆ ಅನ್ನು, ಅದು ಹೇಳಬಾರದ ವಿಷಯವೇನಲ್ಲ. ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದು ಈ ಕಾಗದದ ಜೊತೆ ಇಟ್ಟಿದ್ದೇನೆ. ಅದರಲ್ಲಿ ನಮ್ಮ ವಿಳಾಸ, ಇವರ ಫೋನ್ ನಂಬರು ಎಲ್ಲ ಇದೆ. ಪಾಸ್‌ಪೋರ್ಟ್, ವಾಪಸ್ ಟಿಕೆಟ್, ಆ ಫಾರಂ, ಈ ಚೀಟಿ ಇಷ್ಟೂ ಕೈಚೀಲದಲ್ಲಿ ಇರಲಿ, ದೊಡ್ಡ ಬ್ಯಾಗಿಗೆ ಹಾಕಬೇಡ. ಸೀಲು ಹಾಕಿದ ಮೇಲೆ ಪಕ್ಕಕ್ಕೆ ನಿಂತು ತಾರೀಖು ನೋಡು.

ಸಾಮಾನಿನ ವಿಷಯ. ಬಾಣಂತಿಗೆ ಕೊಬ್ಬರಿ ತಿಪಟೂರಿನದೇ ಆಗಬೇಕು ಅಂತ ನಿನ್ನ ಹಟ ಗೊತ್ತು. ಇಡೀ ಕೊಬ್ಬರಿಯನ್ನು ವಿಮಾನದ ಲಗೇಜಿಗೆ ಬಿಡುವುದಿಲ್ಲ. ಎಣ್ಣೆ ಜಾಸ್ತಿ, ಬೆಂಕಿ ಹತ್ತುವ ಪದಾರ್ಥ ಅಂತ ತೆಗೆದಿಡುತ್ತಾರೆ. ಮನೆಯಲ್ಲೇ ತುರಿದು ಅಂಟಿನುಂಡೆ ಕಟ್ಟಿ ತಾ. ಸಬ್ಬಸಿಗೆ ಸೊಪ್ಪು, ಕರಿಬೇವು, ಹಣ್ಣು, ಬೀಜ ಯಾವುದೂ ಬೇಡ, ಅವಕ್ಕೆ ಇಲ್ಲಿ ಪರ್ಮಿಟ್ ಬೇಕು. ಬೆಳ್ಳುಳ್ಳಿ, ಮೆಣಸು, ಓಮ ಎಲ್ಲ ಇಲ್ಲೇ ಬ್ರಿಕ್‌ಫೀಲ್ಡ್ಸ್‌ನ ಅಂಗಡಿಗಳಲ್ಲಿ ಸಿಗುತ್ತದೆ. ನಿನ್ನ ಬಿಪಿ ಮಾತ್ರೆ ಡಾಕ್ಟರ ಚೀಟಿಯ ಜೊತೆ ತಾ. ಮೆತ್ತಗಾದ ಹಳೇ ಹತ್ತಿ ಸೀರೆ ನಾಲ್ಕು ತಾ, ಮಗುವಿಗೆ ಸುತ್ತಲು. ಅವು ಇಲ್ಲಿ ಎಲ್ಲೂ ಸಿಗುವುದಿಲ್ಲ.

ಅಪ್ಪ ಒಬ್ಬರೇ ಇರುತ್ತಾರೆ ಅಂತ ಚಿಕ್ಕಮ್ಮನಿಗೆ ಹೇಳಿದ್ದೇನೆ, ಊಟ ಅಲ್ಲಿಂದಲೇ ಬರುತ್ತದೆ. ಹಳೇ ಪಾಸ್‌ಪೋರ್ಟಿನ ಮೊದಲ ಪುಟ, ಕೊನೇ ಪುಟ ಎರಡರ ಫೋಟೋ ತೆಗೆದು ನಾಳೆ ವಾಟ್ಸಾಪಿಗೆ ಹಾಕು, ಅರ್ಜಿ ಶುರುಮಾಡುತ್ತೇನೆ.

ನಿನ್ನ ಮಗಳು
ಸುಮ