ಬಿಟ್ಟ ಪದ್ಯದ ಜಗಳ ಇಲ್ಲೂ ಇದೆ ಅಪ್ಪ

ಲೀಡ್ಸ್
ಡಿಸೆಂಬರ್ 14

ಪ್ರೀತಿಯ ಅಪ್ಪನಿಗೆ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಮ್ಮ ಕಳಿಸಿದ ಹಲಸಿನ ಹಪ್ಪಳ ಪುಡಿಯಾಗದೆ ಬಂದು ಮುಟ್ಟಿದೆ ಅಂತ ಅವಳಿಗೆ ಹೇಳಿ. ಇಲ್ಲಿ ಈಗ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀವು ನಡುವೆ ಬಾಯಿ ಹಾಕುತ್ತೀರಿ, ನನ್ನ ವಾದ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಪತ್ರ. ಪೂರ್ತಿ ಓದಿ ಆಮೇಲೆ ಬೈಯಿರಿ.

ನಮ್ಮ ಕಟ್ಟಡದ ಮೇಲಿನ ಮನೆಯಲ್ಲಿ ಒಬ್ಬರು ರಿಟೈರ್ಡ್ ಮ್ಯೂಸಿಕ್ ಟೀಚರ್ ಇದ್ದಾರೆ ಅಂದಿದ್ದೆನಲ್ಲ, ಅವರಿಗೂ ನನಗೂ ಈಗ ಒಂದು ಜಗಳ ನಡೆದಿದೆ. ಹೆದರಬೇಡಿ, ಚಹಾ ಕುಡಿಯುತ್ತಾ ಆಡುವ ಜಗಳ. ವಿಷಯ ಒಂದು ಬೊಂಬೆ ಸಿನಿಮಾದ ಹಾಡುಗಳು. ಸಿನಿಮಾದ ಹೆಸರು 'ದಿ ಮಪೆಟ್ ಕ್ರಿಸ್ಮಸ್ ಕ್ಯಾರಲ್'. 1992ರದ್ದು. ಡಿಸೆಂಬರ್ ಬಂತೆಂದರೆ ಇಲ್ಲಿನ ಎಷ್ಟೋ ಮನೆಗಳಲ್ಲಿ ಅದನ್ನು ಹಾಕಲೇಬೇಕು. ನಾವಿಬ್ಬರೂ ಅದರ ಹುಚ್ಚರೇ, ಹಾಡುಗಳೆಲ್ಲ ಬಾಯಿಪಾಠ. ಅದಕ್ಕೇ ಜಗಳ ಜೋರು.

ಕತೆ ನಿಮಗೆ ಗೊತ್ತು. ಡಿಕನ್ಸ್ 1843ರಲ್ಲಿ ಬರೆದದ್ದು. ಸ್ಕ್ರೂಜ್ ಎಂಬ ಜಿಪುಣ ಮುದುಕ, ಕ್ರಿಸ್ಮಸ್ ಹಿಂದಿನ ರಾತ್ರಿ ಅವನ ಹತ್ತಿರ ಬರುವ ಭೂತಗಳು, ಬೆಳಗಾಗುವಷ್ಟರಲ್ಲಿ ಅವನು ಬೇರೆಯೇ ಮನುಷ್ಯ. ಇಲ್ಲಿ ಸ್ಕ್ರೂಜ್ ಆಗಿರುವುದು ಮೈಕೇಲ್ ಕೇನ್. ಸುತ್ತ ಮುತ್ತ ಬಹುಪಾಲು ಬೊಂಬೆಗಳು. ಗುಮಾಸ್ತ ಕ್ರಾಚಿಟ್ ಒಂದು ಹಸಿರು ಕಪ್ಪೆ, ಅದೇ ಕರ್ಮಿಟ್. ಅವನ ಹೆಂಡತಿ ಒಂದು ಹಂದಿ. ಡಿಕನ್ಸನ ಪಾತ್ರದಲ್ಲಿ ಗೊಂಜೊ ಎಂಬ ನೀಲಿ ಬಣ್ಣದ, ಕೊಕ್ಕೆ ಮೂಗಿನ ವಿಚಿತ್ರ ಪ್ರಾಣಿ, ಜೊತೆಗೆ ರಿಜೊ ಎಂಬ ಇಲಿ. ಇವರಿಬ್ಬರು ಒಂಥರ ನಮ್ಮ ಹಾಸ್ಯಗಾರರ ಹಾಗೆ, ಕತೆಯ ಒಳಗೂ ಹೊರಗೂ ಓಡಾಡುತ್ತಾ ಇರುತ್ತಾರೆ. ಕೇನ್ ಮಾತ್ರ ಒಂದು ಕ್ಷಣವೂ ತಮಾಷೆಗೆ ಇಳಿಯುವುದಿಲ್ಲ. ದೊಡ್ಡ ನಾಟಕ ಕಂಪನಿಯ ಜೊತೆ ಶೇಕ್ಸ್‌ಪಿಯರ್ ಆಡಿದ ಹಾಗೇ ಆಡುತ್ತೇನೆ ಅಂತ ಮೊದಲೇ ಹೇಳಿದ್ದರಂತೆ. ಎದುರಿಗೆ ಬಟ್ಟೆಯ ಕಪ್ಪೆ ನಿಂತಿದ್ದರೂ ಅವರ ಕಣ್ಣಲ್ಲಿ ನಿಜವಾದ ಸಿಟ್ಟು, ಆಮೇಲೆ ನಿಜವಾದ ನಾಚಿಕೆ.

ಬೊಂಬೆ ಅಂದರೆ ನಿಮಗೆ ಉಪ್ಪಿನಕುದ್ರಿನ ಯಕ್ಷಗಾನ ಬೊಂಬೆಯಾಟ ನೆನಪಾಗುತ್ತದೆ, ಗೊತ್ತು. ಕೊಗ್ಗ ಕಾಮತರ ಮನೆಯವರ ಆಟದಲ್ಲಿ ಸೂತ್ರ ಮೇಲಿನಿಂದ. ಇದು ಪೂರ್ತಿ ತಿರುಗಾಮುರುಗಾ. ಆಡಿಸುವವರು ಕೆಳಗೆ, ಕೈ ತಲೆಯ ಮೇಲೆತ್ತಿ ಬೊಂಬೆಯ ಬಾಯೊಳಗೆ ತೂರಿಸಿಕೊಂಡು, ಎದುರಿನ ಪುಟ್ಟ ಟಿವಿ ನೋಡುತ್ತಾ ಆಡಿಸುತ್ತಾರೆ. ಅದಕ್ಕೇ ಸೆಟ್ಟಿನ ನೆಲವನ್ನೇ ಅಲ್ಲಲ್ಲಿ ತೆಗೆದಿದ್ದರು. ಕೇನ್ ಹಲಗೆಗಳ ಮೇಲೆ ನಡೆಯಬೇಕಾಗಿತ್ತು, ಆಚೆ ಈಚೆ ಜನ ಹುದುಗಿ ಕೂತಿರುತ್ತಿದ್ದರು. ಇನ್ನೊಂದು ವ್ಯತ್ಯಾಸ: ಉಪ್ಪಿನಕುದ್ರಿನಲ್ಲಿ ಪದ್ಯಕ್ಕೆ ಭಾಗವತರು ಬೇರೆ. ಇಲ್ಲಿ ಸಾಮಾನ್ಯವಾಗಿ ಬೊಂಬೆ ಆಡಿಸುವವನೇ ಅದರ ದನಿ, ಅವನೇ ಹಾಡಬೇಕು.

ಇದರಿಂದ ಒಂದು ಕಷ್ಟವೂ ಆಗಿತ್ತು. ಕರ್ಮಿಟ್‌ನ ಕೈಯೂ ದನಿಯೂ ಆಗಿದ್ದ ಜಿಮ್ ಹೆನ್ಸನ್ 1990ರಲ್ಲಿ ತೀರಿಕೊಂಡರು, ಬರೀ 53 ವರ್ಷ. ಈ ಸಿನಿಮಾ ಮಾಡಿದ್ದು ಅವರ ಮಗ ಬ್ರಯನ್. ಕಪ್ಪೆಯನ್ನು ಸ್ಟೀವ್ ವಿಟ್‌ಮೈರ್ ಎಂಬವರು ಕೈಗೆತ್ತಿಕೊಂಡರು. ಅವರು ಈ ಸಿನಿಮಾದಲ್ಲಿ ಹಾಡುವ 'ಒನ್ ಮೋರ್ ಸ್ಲೀಪ್ ಟಿಲ್ ಕ್ರಿಸ್ಮಸ್' ಕೇಳಬೇಕು ನೀವು. ಆಫೀಸು ಮುಚ್ಚಿ, ಬೀಗ ಹಾಕಿ, ಹಿಮದ ಬೀದಿಯಲ್ಲಿ ಮನೆಗೆ ಹೊರಟ ಗುಮಾಸ್ತನ ಖುಷಿ. ರಜೆಯ ಹಿಂದಿನ ಸಂಜೆಯ ಹಾಡು ಅಷ್ಟೆ, ದೊಡ್ಡ ತತ್ವ ಏನೂ ಇಲ್ಲ. ಟೀಚರ್ ಹೇಳುವ ಪ್ರಕಾರ ಹೊಸ ದನಿಯ ಅಂಜಿಕೆ ಅಲ್ಲಿ ಕೇಳಿಸುತ್ತದೆ. ನನಗಂತೂ ಅದೇ ಚೆಂದ ಅನ್ನಿಸುತ್ತದೆ. ಈ ಹಾಡಿನ ವಿಷಯದಲ್ಲಿ ನಮಗಿಬ್ಬರಿಗೂ ರಾಜಿ.

ಹಾಡುಗಳನ್ನೆಲ್ಲ ಬರೆದದ್ದು ಪಾಲ್ ವಿಲಿಯಮ್ಸ್. 1979ರ ಮೊದಲ ಮಪೆಟ್ ಸಿನಿಮಾದಲ್ಲಿ ಕಪ್ಪೆ ಕೆರೆಯ ನಡುವೆ ಬ್ಯಾಂಜೊ ಹಿಡಿದು ಹಾಡುತ್ತದಲ್ಲ, ತಂಗಿ ಚಿಕ್ಕವಳಿದ್ದಾಗ ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಹಾಕುತ್ತಿದ್ದದ್ದು, ಅದನ್ನೂ ಕೆನೆತ್ ಆಶರ್ ಜೊತೆ ಸೇರಿ ಬರೆದದ್ದು ಇವರೇ. ನಡುವೆ ಕುಡಿತಕ್ಕೆ ಬಿದ್ದು ಹಲವು ವರ್ಷ ಹಾಳು ಮಾಡಿಕೊಂಡವರು. 1990ರಲ್ಲಿ ಬಿಟ್ಟರು. ಆಮೇಲೆ ಕೈಗೆ ಬಂದದ್ದು ಒಬ್ಬ ಮುದುಕ ಒಂದೇ ರಾತ್ರಿಯಲ್ಲಿ ತನ್ನನ್ನು ತಿದ್ದಿಕೊಳ್ಳುವ ಕತೆ. ಕೊನೆಗೆ ಸ್ಕ್ರೂಜ್ ಬೀದಿಯಲ್ಲಿ ಹಾಡುವ 'ಥ್ಯಾಂಕ್‌ಫುಲ್ ಹಾರ್ಟ್' ಕೇಳುವಾಗ ಇದು ನನ್ನ ತಲೆಯಲ್ಲಿ ಬರದೆ ಇರುವುದಿಲ್ಲ. ಕೇನ್‌ಗೆ ಹಾಡಲು ಅಷ್ಟೇನೂ ಬರುವುದಿಲ್ಲ ಬಿಡಿ. ಆದರೆ ಮುದುಕ ಎಷ್ಟೋ ವರ್ಷದ ಮೇಲೆ ಬಾಯಿ ತೆರೆದ ಹಾಗಿದೆ, ಸರಿಯಾಗಿ ಹೊಂದುತ್ತದೆ.

ಟೀಚರ್‌ಗೆ ಇಷ್ಟ 'ಮಾರ್ಲಿ ಅಂಡ್ ಮಾರ್ಲಿ'. ಡಿಕನ್ಸನ ಕತೆಯಲ್ಲಿ ಸತ್ತ ಪಾಲುದಾರ ಒಬ್ಬನೇ. ಇಲ್ಲಿ ಇಬ್ಬರು, ಯಾಕೆಂದರೆ ಆ ಪಾತ್ರಕ್ಕೆ ಹಾಕಿದ್ದು ಯಾವಾಗಲೂ ಜೋಡಿಯಾಗಿ ಕೂತು ಎಲ್ಲರನ್ನೂ ಹೀಯಾಳಿಸುವ ಇಬ್ಬರು ಮುದುಕ ಬೊಂಬೆಗಳನ್ನು. ಮೈತುಂಬ ಸರಪಳಿ, ಸರಪಳಿಯಲ್ಲಿ ಹಣದ ಪೆಟ್ಟಿಗೆಗಳು. ಹೆದರಿಸಲು ಬಂದವರು ನಡುನಡುವೆ ನಗುತ್ತಾರೆ, ಅಷ್ಟರಲ್ಲೇ ನರಳುತ್ತಾರೆ. ಇದು ತುಂಬ ಚೆನ್ನಾಗಿದೆ, ನಾನೂ ಒಪ್ಪುತ್ತೇನೆ.

ಈಗ ಜಗಳಕ್ಕೆ ಬರುತ್ತೇನೆ.

ನಡುವೆ ಒಂದು ಹಾಡಿದೆ, 'ವೆನ್ ಲವ್ ಈಸ್ ಗಾನ್'. ಮೊದಲ ಭೂತ ಸ್ಕ್ರೂಜ್‌ನನ್ನು ಅವನ ಹರೆಯಕ್ಕೆ ಕರೆದುಕೊಂಡು ಹೋಗುತ್ತದೆ. ಅವನನ್ನು ಮದುವೆಯಾಗಬೇಕಿದ್ದ ಹುಡುಗಿ ಬೆಲ್. ದುಡ್ಡು ದುಡ್ಡು ಅಂತ ಅವನು ಮದುವೆ ಮುಂದೂಡುತ್ತಾ ಬಂದಿದ್ದಾನೆ. ಅವಳು ಬಿಟ್ಟು ಹೋಗುವಾಗ ಹಾಡುವ ಹಾಡು ಇದು. ಹಾಡಿದವರು ಮೆರೆಡಿತ್ ಬ್ರಾನ್. ಮುದುಕ ಸ್ಕ್ರೂಜ್ ಅವಳ ಹಿಂದೆ ನಿಂತು ದನಿ ಸೇರಿಸುತ್ತಾನೆ, ಗಂಟಲು ಕಟ್ಟಿರುತ್ತದೆ. ಅವಳಿಗೆ ಅವನು ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ಈ ಹಾಡನ್ನು ಥಿಯೇಟರಿಗೆ ಕಳಿಸುವ ಮೊದಲೇ ಕತ್ತರಿಸಿದರು. ಆಗ ಡಿಸ್ನಿ ಸ್ಟುಡಿಯೋ ನೋಡಿಕೊಳ್ಳುತ್ತಿದ್ದ ಜೆಫ್ರಿ ಕಾಟ್ಜೆನ್‌ಬರ್ಗ್‌ಗೆ ಮಕ್ಕಳು ಇಷ್ಟು ನಿಧಾನದ ಹಾಡಿಗೆ ಕೂರುವುದಿಲ್ಲ ಅನ್ನಿಸಿತು. ವಿಡಿಯೋ ಕ್ಯಾಸೆಟ್ಟಿನಲ್ಲಿ ಹಾಡು ಇತ್ತು, ಮುಂದೆ ಬಂದ ಬ್ಲೂ-ರೇಯಲ್ಲಿ ಇಲ್ಲ. ಆಮೇಲೆ ಮೂಲ ಫಿಲ್ಮೇ ಕಳೆದುಹೋಗಿದೆ ಅಂದರು. 2020ರಲ್ಲಿ ಸಿಕ್ಕಿದೆ ಅಂತ ಸುದ್ದಿ ಬಂತು. 2022ರ ಡಿಸೆಂಬರಿನಲ್ಲಿ ಹಾಡು ಸೇರಿಸಿದ ಪೂರ್ತಿ ಸಿನಿಮಾವನ್ನು ಡಿಸ್ನಿಯವರ ಆ್ಯಪಿನಲ್ಲಿ ಹಾಕಿದರು.

ಕತ್ತರಿಸಿದ್ದೇ ಸರಿ ಅನ್ನುತ್ತಾರೆ ಟೀಚರ್! ಅವರು ಶಾಲೆಯಲ್ಲಿ ಕ್ಯಾಸೆಟ್ ಹಾಕಿ ತೋರಿಸುತ್ತಿದ್ದರಂತೆ. ಸರಿಯಾಗಿ ಈ ಹಾಡಿಗೆ ಮಕ್ಕಳೆಲ್ಲ ಟಾಯ್ಲೆಟ್‌ಗೆ ಹೋಗಬೇಕು ಅಂತ ಕೈ ಎತ್ತುತ್ತಿದ್ದರಂತೆ. ಇಡೀ ಸಿನಿಮಾದಲ್ಲಿ ತರಕಾರಿ ಹಾಡುತ್ತದೆ, ಕುದುರೆ ಹಾಡುತ್ತದೆ, ಇಲ್ಲಿ ಮಾತ್ರ ಬೊಂಬೆಯೇ ಇಲ್ಲ, ಇಬ್ಬರು ಮನುಷ್ಯರು ಅಳುತ್ತಾ ನಿಂತಿದ್ದಾರೆ, ಮಕ್ಕಳು ಬಂದದ್ದು ಅದಕ್ಕಲ್ಲ ಅನ್ನುತ್ತಾರೆ. ತಳ್ಳಿಹಾಕುವ ಮಾತಲ್ಲ ಇದು, ಅನುಭವ ಇದ್ದವರ ಮಾತು.

ನಾನು ಹೇಳುವುದು ಹೀಗೆ. ಒಂದು, ಹಾಡು ತೆಗೆದ ಮೇಲೂ ಅದರ ಗಾಯ ಕಾಣುತ್ತದೆ. ಬೆಲ್ ನಾಲ್ಕು ಮಾತಾಡುತ್ತಾಳೆ, ಮುಂದಿನ ದೃಶ್ಯದಲ್ಲಿ ಇಲಿ ಬಿಕ್ಕಿ ಬಿಕ್ಕಿ ಅಳುತ್ತಾ ಇರುತ್ತದೆ, ಗೊಂಜೊ ಸಮಾಧಾನ ಮಾಡುತ್ತಾನೆ. ಯಾಕೆ ಅತ್ತಿತು ಆ ಇಲಿ? ಅತ್ತದ್ದು ಹಾಡಿಗೆ! ಇನ್ನೊಂದು ಇದಕ್ಕಿಂತ ದೊಡ್ಡದು. ಸಿನಿಮಾದ ಕೊನೆಯ ಹಾಡು 'ದಿ ಲವ್ ವಿ ಫೌಂಡ್' ಇದೇ ಧಾಟಿಯದ್ದು. ಹೋಯಿತು ಅಂತ ಅತ್ತ ಧಾಟಿಯಲ್ಲೇ ಈಗ ಸಿಕ್ಕಿತು ಅಂತ ಕ್ರಾಚಿಟ್ ಮನೆಯಲ್ಲಿ ಎಲ್ಲರೂ ಸೇರಿ ಹಾಡುತ್ತಾರೆ. ಮೊದಲಿನದ್ದನ್ನು ತೆಗೆದರೆ ಕೊನೆಯದ್ದು ಬರೀ ಒಂದು ಹಬ್ಬದ ಹಾಡು. ಪ್ರಶ್ನೆ ಹರಿದು ಬಿಸಾಡಿ ಉತ್ತರ ಮಾತ್ರ ಓದಿದ ಹಾಗಾಯಿತು.

ಮಕ್ಕಳು ಧಾಟಿ ಎಲ್ಲ ಗುರುತು ಇಟ್ಟುಕೊಳ್ಳುವುದಿಲ್ಲಮ್ಮ ಅಂತ ಟೀಚರ್ ನಕ್ಕರು. ಗುರುತು ಇಟ್ಟುಕೊಳ್ಳುತ್ತಾರೆ ಅಪ್ಪ. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ನೀವು ಯಕ್ಷಗಾನದಲ್ಲಿ ಗದಾಪರ್ವ ನೋಡುತ್ತಿದ್ದಾಗ ನನಗೆ ಅರ್ಥ ಎಲ್ಲಿ ಗೊತ್ತಿತ್ತು? ಆದರೆ ಕೌರವ ಒಬ್ಬನೇ ರಣರಂಗದಲ್ಲಿ ಅಲೆಯುವಾಗ ಭಾಗವತರು ಎಳೆದು ಎಳೆದು ಹಾಡಿದ್ದು ಇವತ್ತಿಗೂ ಕಿವಿಯಲ್ಲಿದೆ. ರಾತ್ರಿಯಿಡೀ ಆಡದೆ ಬೇಗ ಮುಗಿಸುವ ಕಾಲಮಿತಿ ಆಟ ಶುರುವಾದ ಮೇಲೆ ಅಂಥ ಪದ್ಯಗಳನ್ನೇ ಮೊದಲು ಬಿಡುತ್ತಾರೆ ಅಂತ ನೀವು ಎಷ್ಟು ಸಲ ಕೂಗಾಡಿಲ್ಲ? ಅಳಬೇಕಾದವನಿಗೆ ಅಳಲು ಪುರುಸೊತ್ತು ಕೊಡದೆ ಗದೆ ಕೊಟ್ಟು ಕಳಿಸಿದರೆ ಅವನು ಬಿದ್ದಾಗ ಯಾರು ಅಳಬೇಕು ಅನ್ನುತ್ತಿದ್ದಿರಿ. ನಿಮ್ಮ ಆ ಮಾತನ್ನು ಟೀಚರ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ನಿನ್ನ ಅಪ್ಪ ಮಕ್ಕಳಿಗೆ ಪಾಠ ಮಾಡಿಲ್ಲ ಅಂತ ಕಾಣುತ್ತದೆ ಅಂದರು!

ಆದರೂ ನಿಮ್ಮ ತೀರ್ಪಿಗೆ ಬಿಡೋಣ ಅಂತ ಇಬ್ಬರೂ ಒಪ್ಪಿದ್ದೇವೆ. ತಂಗಿ ಊರಿಗೆ ಬಂದಾಗ ಅವಳ ಲ್ಯಾಪ್‌ಟಾಪಿನಲ್ಲಿ ಹಾಕಿಸಿಕೊಂಡು ನೋಡಿ. ಒಂದು ವಿಷಯ ಜ್ಞಾಪಕ ಇರಲಿ: ಡಿಸ್ನಿಯವರ ಆ್ಯಪಿನಲ್ಲಿ ಹೆಸರು ಒತ್ತಿದರೆ ಬರುತ್ತಿದ್ದದ್ದು ಕತ್ತರಿಸಿದ್ದು. ಹಾಡು ಇರುವ ಪೂರ್ತಿ ಸಿನಿಮಾವನ್ನು ಕೆಳಗೆ 'ಎಕ್ಸ್‌ಟ್ರಾಸ್' ಅನ್ನುವಲ್ಲಿ ಹಾಕಿದ್ದರು, ಅಲ್ಲಿ ಹುಡುಕಲು ಹೇಳಿ. ಅಮ್ಮನನ್ನೂ ಕೂರಿಸಿಕೊಳ್ಳಿ. ಕಪ್ಪೆಯ ಮನೆಯ ಊಟದ ಮೇಜಿನಲ್ಲಿ ಪುಟ್ಟ ಮಗ ಹಾಡುವ 'ಬ್ಲೆಸ್ ಅಸ್ ಆಲ್' ಅವಳಿಗೆ ಖಂಡಿತ ಹಿಡಿಸುತ್ತದೆ.

ಚಿಕ್ಕಮ್ಮನ ಮಂಡಿನೋವು ಹೇಗಿದೆ? ನೀವು ಬಿಪಿ ಮಾತ್ರೆ ತಪ್ಪಿಸಬೇಡಿ. ತೀರ್ಪನ್ನು ಹೊಸ ವರ್ಷದ ಒಳಗೆ ಬರೆಯಿರಿ, ಟೀಚರ್ ಒಂದು ಕೇಕ್ ಪಣಕ್ಕೆ ಇಟ್ಟಿದ್ದಾರೆ.

ನಿಮ್ಮ ಪ್ರೀತಿಯ
ಮಗಳು