ಬಾಣ ಬಿಡುವ ಮುನ್ನ

ಚಿರಂಜೀವಿ ಪುಟ್ಟಿಗೆ, ದೊಡ್ಡಪ್ಪನ ಆಶೀರ್ವಾದಗಳು.

ಪತ್ರಿಕೆಯ ಡೆಸ್ಕಿಗೆ ಸೇರಿದ್ದೀಯ, ಸಂತೋಷ. ಇನ್ನು ‘ಬಾಣ’ ನಿನ್ನ ಕೈಗೆ ದಿನವೂ ಸಿಗುತ್ತದೆ, ಹೆಚ್ಚಾಗಿ ಕೆಟ್ಟ ಸ್ಥಿತಿಯಲ್ಲಿ.

ಮೊದಲು ಕ್ರಿಯಾಪದ ನೋಡಿಕೋ. ಬಿಲ್ಲಿಗೆ ಹೆದೆ ಏರಿಸುತ್ತಾರೆ, ಹೆದೆಗೆ ಬಾಣ ಹೂಡುತ್ತಾರೆ, ಕಿವಿಯವರೆಗೆ ಸೆಳೆದು ಬಿಡುತ್ತಾರೆ; ಅದು ಹೋಗಿ ನಾಟುತ್ತದೆ. ‘ಬಾಣಕ್ಕೆ ಹೆದೆಯೇರಿಸಿದ’ ಎಂದು ಬಂದರೆ ತಿದ್ದು. ‘ಬಾಣ ಎಸೆದ’ ಕೂಡ ಬೇಡ. ಹಳಗನ್ನಡದ ‘ಎಸು’ ಬಾಣ ಬಿಡುವುದೇ ಹೌದು, ‘ಎಚ್ಚ’ ಅದರ ಭೂತಕಾಲ. ಈಗಿನ ‘ಎಸೆ’ ಕೈಬೀಸಿ ಒಗೆಯುವುದು, ಅದು ಈಟಿಗೆ ಸರಿ. ಗುಂಡು ಹಾರಿಸುತ್ತಾರೆ, ಕಲ್ಲು ತೂರುತ್ತಾರೆ, ಕವಣೆ ಬೀಸುತ್ತಾರೆ.

ಅತಿ ಹೆಚ್ಚು ಕೆಡುವುದು ‘ತಿರುಗುಬಾಣ’. ‘ಪ್ರತಿಪಕ್ಷ ತಿರುಗುಬಾಣ ನೀಡಿತು’ ಎಂದು ಬರೆದು ಕಳಿಸುತ್ತಾರೆ. ಅಲ್ಲಿ ಬೇಕಾದದ್ದು ‘ತಿರುಗೇಟು’. ತಾನು ಹೂಡಿದ್ದು ತನಗೇ ಬಂದು ಬಡಿದಾಗ ಮಾತ್ರ ತಿರುಗುಬಾಣ: ‘ಆ ಹೇಳಿಕೆ ಸಚಿವರಿಗೇ ತಿರುಗುಬಾಣವಾಯಿತು.’ ಬಿಟ್ಟವನೇ ಪೆಟ್ಟು ತಿನ್ನಬೇಕು, ಅವನ ಹೆಸರಿಗೆ ‘ಗೆ’ ಪ್ರತ್ಯಯ ಬೀಳಬೇಕು. ಎದುರಾಳಿ ಉತ್ತರ ಕೊಟ್ಟರೆ ಅದು ತಿರುಗುಬಾಣವಲ್ಲ.

‘ರಾಮಬಾಣ’ದಲ್ಲಿ ಕೈ ಬಿಗಿಹಿಡಿ. ಗುರಿ ತಪ್ಪದ್ದು ಎಂಬುದೇ ಅದರ ಅರ್ಥ. ‘ಸಕ್ಕರೆ ಕಾಯಿಲೆಗೆ ಮೆಂತ್ಯ ರಾಮಬಾಣ’ ಎಂದು ಅಚ್ಚಾದರೆ, ಓದಿದವರು ಮಾತ್ರೆ ಬಿಟ್ಟಾರು. ‘ಸಹಾಯಕ’ ಎಂದಷ್ಟೇ ಬರೆ, ಅದೂ ವೈದ್ಯರನ್ನು ಕೇಳಿದ ಮೇಲೆ.

‘ಬಾಣಬಿರುಸು’ ಹಬ್ಬದ ಪುಟದ ಪದ. ಇಲ್ಲಿಯ ಬಾಣಕ್ಕೆ ಬಿಲ್ಲಿಲ್ಲ, ಮದ್ದು ತುಂಬಿ ಹಾರಿಸುವ ರಾಕೆಟ್ ಅದು. ಹೈದರ್, ಟಿಪ್ಪು ಸೇನೆಯ ರಾಕೆಟ್ಟಿನದೂ ಇದೇ ಜಾತಿ: ಮದ್ದು ತುಂಬಿದ ಕಬ್ಬಿಣದ ಕೊಳವೆ, ಅದಕ್ಕೆ ಬಿಗಿದು ಕಟ್ಟಿದ ಬಿದಿರು. ಕಬ್ಬಿಣ ಹೆಚ್ಚು ಒತ್ತಡ ತಡೆಯುವುದರಿಂದ ಅದು ದೂರ ಹೋಗುತ್ತಿತ್ತು. ಶಿವಮೊಗ್ಗ ಜಿಲ್ಲೆಯ ‘ನಗರ’ ಎಂಬ ಊರಿನ ಹಾಳುಬಾವಿಯೊಂದರಲ್ಲಿ 2018ರಲ್ಲಿ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಆ ಸುದ್ದಿಗೆ ‘ಕ್ಷಿಪಣಿ’ ಎಂದು ತಲೆಬರಹ ಕೊಡಬೇಡ. ಹಾರುತ್ತಿರುವಾಗಲೇ ದಾರಿ ತಿದ್ದಿಕೊಳ್ಳುವ ಆಯುಧಕ್ಕೆ ಆ ಪದ ಇರಲಿ.

‘ಸರಳು’ ಕೂಡ ಒಂದು ಕಾಲದಲ್ಲಿ ಬಾಣವೇ. ಈಗ ಅದು ಕಿಟಕಿಗೆ, ಜೈಲಿಗೆ ಸೇರಿದೆ. ಹಳೆಯ ಪದ್ಯ ಉದ್ಧರಿಸುವಾಗ ಮಾತ್ರ ಈ ಅರ್ಥ ನೆನಪಿಟ್ಟುಕೋ.

ರಾತ್ರಿ ಪಾಳಿ ಇದ್ದ ದಿನ ಊಟ ಬಿಡಬೇಡ.

ಇಂತಿ,
ನಿನ್ನ ದೊಡ್ಡಪ್ಪ