ಹಸಿರು ಟೋಪಿಯ ಹಿರಿಯರಿಗೆ ಒಂದು ಥ್ಯಾಂಕ್ಸ್

ಇಲ್ಲಿ ಅಮೆರಿಕದ ಸ್ಟೇಟ್ ಪಾರ್ಕ್ ಒಂದರಲ್ಲಿ ನಡೆದ ಕುಟುಂಬಗಳ ಸ್ಪರ್ಧೆಯಲ್ಲಿ ನಮಗೆ ಸಹಾಯ ಮಾಡಿದ ಹಸಿರು ಟೋಪಿಯ ಹಿರಿಯರೇ, ಹೆಸರು ಕೇಳುವಷ್ಟರಲ್ಲಿ ನೀವು ಮುಂದಿನ ತಂಡದ ಹತ್ತಿರ ಹೋಗಿಬಿಟ್ಟಿದ್ದಿರಿ. ಅದಕ್ಕೇ ಈ ಬರಹ.

ಮುಟ್ಟಿದರೆ ತುರಿಕೆ ಬರಿಸುವ ಮೂರೆಲೆಯ ಪಾಯ್ಸನ್ ಐವಿ ಬಳ್ಳಿ ಮೈಗೆ ತಾಗದ ಹಾಗೆ ಕಾಡಿನಲ್ಲಿ ಕಿತ್ತಳೆ-ಬಿಳಿ ಬಾವುಟ ಹುಡುಕಿದ್ದು, ದೋಣಿಗೆ ಹುಟ್ಟು ಹಾಕಿದ್ದು ಎಲ್ಲ ಹೇಗೋ ಮುಗಿದಿತ್ತು. ಕಷ್ಟವಾಗಿದ್ದು ಬೆಂಕಿಯ ಸುತ್ತು. ಎರಡು ಗೂಟಗಳ ನಡುವೆ ಕಟ್ಟಿದ ದಾರ ಸುಟ್ಟು ತುಂಡಾಗುವಷ್ಟು ಎತ್ತರಕ್ಕೆ ಬೆಂಕಿ ಏಳಬೇಕು. ಹಿಂದಿನ ರಾತ್ರಿ ಮಳೆ ಬೇರೆ, ಸೌದೆಯೆಲ್ಲ ಒದ್ದೆ. ಮಗಳ ಮುಖ ಸಪ್ಪಗಾಯಿತು.

ನೀವು ಬೆಂಕಿ ಹಚ್ಚಿಕೊಡಲಿಲ್ಲ. ಹಚ್ಚಿಕೊಟ್ಟಿದ್ದರೆ ಆಟವೇ ಕೆಡುತ್ತಿತ್ತು, ಅಲ್ವಾ? ಒಂದು ಒದ್ದೆ ಸೌದೆಯನ್ನು ಉದ್ದಕ್ಕೆ ಸೀಳಿ, ಒಳಗೆ ಮುಟ್ಟಿ ನೋಡು ಅಂದಿರಿ. ಒಳಗೆ ಒಣಗಿತ್ತು! ಆಮೇಲೆ ಬೇಗ ಬೆಂಕಿ ಹಿಡಿಯಲಿ ಅಂತ ಅದರ ಅಂಚನ್ನು ಚಾಕುವಿನಿಂದ ತೆಳ್ಳಗೆ ಹೆರೆಯುತ್ತಾ ಹೋದಿರಿ. ಒಂದು ಸುರುಳಿಯೂ ಉದುರಲಿಲ್ಲ, ಎಲ್ಲ ಕಡ್ಡಿಗೇ ಅಂಟಿಕೊಂಡು ನಿಂತವು. ಮುಂದಿನ ಕಡ್ಡಿ ಮಗಳ ಕೈಗೆ. ಅವಳು ಮೈಯಿಂದ ಆಚೆಗೆ ಚಾಕು ಓಡಿಸುವುದನ್ನು ಕಲಿಯುವವರೆಗೂ ಪಕ್ಕದಲ್ಲೇ ಕೂತಿದ್ದಿರಿ. ದಪ್ಪ ಸೌದೆ ಮೊದಲೇ ಹೇರಬೇಡಿ, ಗಾಳಿ ಆಡಲಿ ಅಂತಷ್ಟೇ ಹೇಳಿ ಎದ್ದಿರಿ.

ದಾರ ಪಟ್ ಅಂತ ತುಂಡಾಯಿತು. ಬಹುಮಾನವೇನೂ ಬರಲಿಲ್ಲ, ನಮಗಿಂತ ಬೇಗ ಮುಗಿಸಿದವರು ಬೇಕಾದಷ್ಟಿದ್ದರು. ಮಗಳಿಗೆ ಅದರ ಚಿಂತೆಯೇ ಇಲ್ಲ, ಈಗ ಯಾವ ಕಡ್ಡಿ ಸಿಕ್ಕರೂ ಸೀಳಿ ನೋಡೋಣ ಅಂತಾಳೆ.

ತುಂಬಾ ಥ್ಯಾಂಕ್ಸ್ ಸರ್. ಮುಂದಿನ ಸಲ ಸಿಕ್ಕರೆ ಹೆಸರು ಕೇಳದೆ ಬಿಡುವುದಿಲ್ಲ.